ನಾಲ್ಕು ಒಂಬತ್ತು

ಮಹದೇವಸ್ವಾಮಿ ನೀರುಗಂಟಿ. ಪಾಂಡವಪುರ ತಾಲ್ಲೂಕಿನಲ್ಲಿ ದೊಡ್ಡ ನಾಲೆಯ ಏಳು ತೂಬುಗಳು ಅವನ ಸುಪರ್ದಿನಲ್ಲಿದ್ದವು. ಯಾವ ದಿನ ಯಾವ ತೂಬು ಎತ್ತಬೇಕು, ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಇಪ್ಪತ್ತೊಂದು ವರ್ಷದಿಂದ ದಿನಗೂಲಿಯಲ್ಲೇ ಇದ್ದ. ಕಾಯಂ ಮಾಡುತ್ತಾರೆಂಬ ಮಾತು ಮೂರು ಸಲ ಬಂದು ಮೂರು ಸಲವೂ ಹಾಗೇ ಹೋಗಿತ್ತು.

ನಾಟಿ ಸಮಯದಲ್ಲಿ ಜನ ಅವನ ಮೇಲೆ ಏರಿ ಬರುತ್ತಿದ್ದರು. ಕೆಲವರು ಬೈಯುತ್ತಿದ್ದರು, ಕೆಲವರು ಬೀಡಿ ಕೊಟ್ಟು ಪುಸಲಾಯಿಸುತ್ತಿದ್ದರು. ಅವನು ಎರಡಕ್ಕೂ ಜಗ್ಗುತ್ತಿರಲಿಲ್ಲ. "ಸರದಿ ಬಂದಾಗ ಬುಡ್ತೀನಿ, ಈಗ ಓಗು" ಎನ್ನುವುದು, ಏರಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ನೀರು ನೋಡುವುದು. ಅಷ್ಟೇ. ಬೈದವರೇ ಸುಸ್ತಾಗಿ ಮನೆಗೆ ಹೋಗುತ್ತಿದ್ದರು.

ಅವನ ಸರಹದ್ದಿನಲ್ಲೇ ನಂಜಪ್ಪನವರ ಊರು, ಅವರ ಒಂದೂವರೆ ಎಕರೆ ಗದ್ದೆ. ನಂಜಪ್ಪ ಮೂವತ್ತೈದು ವರ್ಷ ಒಂದು ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಬ್ಬಿನ ಗಾಡಿ ಗೇಟಿನೊಳಗೆ ಬರುತ್ತಿದ್ದ ಹಾಗೇ ದೂರದಿಂದಲೇ ನೋಡಿ ಎಷ್ಟು ಟನ್ ಎಂದು ಹೇಳಿಬಿಡುತ್ತಿದ್ದರಂತೆ. ಮಹದೇವಸ್ವಾಮಿಯ ಅಪ್ಪ ಚೌಡಯ್ಯ ಮುಕ್ಕಾಲು ಎಕರೆಯ ಕಬ್ಬನ್ನು ಆ ಕಾರ್ಖಾನೆಗೇ ಸಾಗಿಸುತ್ತಿದ್ದ. "ಆ ತಕ್ಕಡೀಲಿ ನಂಜಪ್ಪ ಕುಂತಿದ್ರೆ ನಂಗೆ ಅರ್ಧ ಕೇಜಿನೂ ಮೋಸ ಇಲ್ಲ" ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ನಂಜಪ್ಪನವರ ಮನೆಯಲ್ಲಿ ಮಹದೇವಸ್ವಾಮಿಗೆ ಜಗಲಿಯ ಮೇಲೆ ಊಟ ಹಾಕಿದ್ದಿಲ್ಲ. ಒಳಗೆ ಕರೆದು ತಮ್ಮ ಪಕ್ಕ ಕೂರಿಸಿಕೊಂಡೇ ಉಣ್ಣುತ್ತಿದ್ದರು. ಆ ಊರಿನಲ್ಲಿ ಹಾಗೆ ಮಾಡುವ ಮನೆಗಳು ಹೆಚ್ಚಿರಲಿಲ್ಲ.

ಪೋಕರ್ ಆಟಕ್ಕೆ ಇವನನ್ನು ಕರೆದುಕೊಂಡು ಹೋದವರೂ ನಂಜಪ್ಪನವರೇ.

ಶ್ರೀರಂಗಪಟ್ಟಣದಲ್ಲಿ ಹಳೆಯ ಮೈಸೂರು ರಸ್ತೆಯ ಮೇಲೆ ಸಂತೋಷ್ ಎಂಬುವನದು ಒಂದು ಊಟದ ಹೋಟೆಲು. ಶೀಳನೆರೆ ಕಡೆಯವನು. ಮೈಸೂರಿನ ಒಂದು ಕ್ಲಬ್ಬಿನಲ್ಲಿ ಆರು ವರ್ಷ ಇಸ್ಪೀಟಿನ ಎಲೆ ಹಂಚುವ ಕೆಲಸ ಮಾಡಿ, ಕೂಡಿಟ್ಟ ದುಡ್ಡಿನಲ್ಲಿ ಹೋಟೆಲು ಹಾಕಿದ್ದ. ಬೈಪಾಸ್ ಶುರುವಾದ ವರ್ಷ ಕಾರುಗಳೆಲ್ಲ ಊರಾಚೆಯಿಂದಲೇ ಹೋಗತೊಡಗಿ, ಮಧ್ಯಾಹ್ನದ ಊಟಕ್ಕೆ ಎಂಬತ್ತು ಎಲೆ ಬೀಳುತ್ತಿದ್ದಲ್ಲಿ ಹದಿನೈದು ಬೀಳುವುದೂ ಕಷ್ಟವಾಯಿತು. ಮಹಡಿಯ ಮೇಲಿನ ಫ್ಯಾಮಿಲಿ ರೂಮು ಸುಮ್ಮನೆ ಬಿದ್ದಿತ್ತು. ಬುಧವಾರ ಮಧ್ಯಾಹ್ನ ಅಲ್ಲಿ ಆಟ ಇಟ್ಟುಕೊಂಡ. ನಂಜಪ್ಪನವರು ಬುಧವಾರ ಗಂಜಾಂಗೆ ಬಂದು ನಿಮಿಷಾಂಬ ಗುಡಿಗೆ ಹೋಗಿ, ಸಂತೋಷನ ಹೋಟೆಲಿನಲ್ಲಿ ಊಟ ಮಾಡುವ ರೂಢಿ. ಹಾಗೆ ಅವರಿಗೆ ಆಟ ಅಂಟಿತು. ಒಂದು ವಾರ ಮಹದೇವಸ್ವಾಮಿಯನ್ನೂ ಎಳೆದುಕೊಂಡು ಹೋದರು.

"ಬಾರ್ಲಾ ಸ್ವಾಮಿ, ನೀರು ನೋಡಿ ನೋಡಿ ಕಣ್ಣು ತಣ್ಣಗಾಗವೆ. ಒಂದೀಟು ಪೋಕರಿ ಆಟ ಆಡುವಂತೆ."

ಅವರು ಕೊನೆವರೆಗೂ ಅದನ್ನು ಪೋಕರಿ ಆಟ ಎಂದೇ ಕರೆಯುತ್ತಿದ್ದರು.

ಆಟ ಇಷ್ಟೇ. ಒಬ್ಬೊಬ್ಬರಿಗೂ ಎರಡೆರಡು ಎಲೆ ಕವುಚಿ ಹಂಚುವುದು. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೊಂದು, ಆಮೇಲೆ ಇನ್ನೊಂದು. ಕೈಯ ಎರಡು, ನೆಲದ ಐದು ಸೇರಿಸಿ ಯಾರದು ಒಳ್ಳೆಯ ಜೋಡಣೆಯೋ ಅವರದು ದುಡ್ಡು. ಪ್ರತಿ ಎಲೆಗೂ ಮುಂಚೆ ದುಡ್ಡು ಹಾಕಬಹುದು. ಅದಕ್ಕೆ ಸಮ ಹಾಕಲು ಮನಸ್ಸಿಲ್ಲದವನು ಎಲೆ ಬಿಸಾಕಿ ಕೂರಬಹುದು. ಸಂತೋಷ್ ಕ್ಲಬ್ಬಿನಿಂದ ತಂದ ಪ್ಲಾಸ್ಟಿಕ್ ಬಿಲ್ಲೆಗಳಿದ್ದವು. ಬಿಳಿಯದಕ್ಕೆ ಐದು ರೂಪಾಯಿ, ಕೆಂಪಿಗೆ ಇಪ್ಪತ್ತೈದು. ಐನೂರು ಕೊಟ್ಟು ಬಿಲ್ಲೆ ತೆಗೆದುಕೊಂಡರೆ ಒಂದು ಮಧ್ಯಾಹ್ನ ಸಾಕು.

ಆಡುತ್ತಿದ್ದವರು ನಾಲ್ಕು ಜನ. ಸಂತೋಷ್, ನಂಜಪ್ಪ, ಮಹದೇವಸ್ವಾಮಿ, ಮತ್ತೆ ಪಾಂಡವಪುರದಲ್ಲಿ ಮದುವೆ ವಿಡಿಯೋ ಮಾಡುವ ದಿಲೀಪ್. ಮೊದಲ ಎರಡು ತಿಂಗಳು ಮಹದೇವಸ್ವಾಮಿ ಸೋತ. ಸೋಲುತ್ತಲೇ ಮಿಕ್ಕ ಮೂವರನ್ನು ನೋಡಿದ. ಅವರಲ್ಲಿ ಒಬ್ಬರಿಗೂ ಎಲೆ ಬಿಸಾಕಲು ಬರುತ್ತಿರಲಿಲ್ಲ. ದಿಲೀಪನಿಗೆ ಸುಮ್ಮನೆ ಕೂರುವುದಾಗದು, ಕೈಯಲ್ಲಿ ಏನಿದ್ದರೂ ಹಾಕುತ್ತಿದ್ದ. ಸಂತೋಷನಿಗೆ ಆಟ ನಿಲ್ಲಬಾರದು, ಜನ ಎದ್ದು ಹೋಗಬಾರದು, ಅದಕ್ಕೆ ಹಾಕುತ್ತಿದ್ದ. ನಂಜಪ್ಪನವರಿಗೆ ಕುತೂಹಲ. "ನೋಡೇಬುಡಾವ ಅವನತ್ರ ಏನೈತೆ ಅಂತ" ಎಂದು ಕೊನೆಯ ಎಲೆವರೆಗೂ ದುಡ್ಡು ಹಾಕಿಕೊಂಡೇ ಬರುತ್ತಿದ್ದರು. ಸೋತರೆ ಗಹಗಹಿಸಿ ನಗುತ್ತಿದ್ದರು.

ಇಲ್ಲದ ಎಲೆಯನ್ನು ಇದೆ ಎಂದು ತೋರಿಸಿ ಹೆದರಿಸುವುದು ಇಂಥವರ ಹತ್ತಿರ ನಡೆಯದು. ಹೆದರಬೇಕಾದರೆ ಮೊದಲು ಅವರು ಎಲೆ ಬಿಸಾಕುವವರಾಗಿರಬೇಕು. ಒಂದೇ ಒಂದು ಸಲ ಹಾಗೆ ಮಾಡಲು ಹೋಗಿ ನಾನೂರು ಕಳೆದುಕೊಂಡ ಮಹದೇವಸ್ವಾಮಿ ಆಮೇಲೆ ಆ ದಾರಿ ಹಿಡಿಯಲಿಲ್ಲ. ಕೆಟ್ಟ ಎಲೆ ಬಂದರೆ ಬಿಸಾಕಿದ. ಮಧ್ಯಮದ್ದು ಬಂದರೂ ಬಿಸಾಕಿದ. ಗಂಟೆಗಟ್ಟಲೆ ಟೀ ಕುಡಿಯುತ್ತ ಕುಳಿತ. ಎರಡು ಎಕ್ಕವೋ ಎರಡು ರಾಜನೋ ಬಂದಾಗ ಮಾತ್ರ ಕೈ ಮುಂದೆ ಚಾಚಿ ಕೆಂಪು ಬಿಲ್ಲೆಗಳನ್ನು ಧಾರಾಳವಾಗಿ ನೂಕಿದ. ಬೇರೆ ಜನವಾಗಿದ್ದರೆ ಈ ಮನುಷ್ಯ ಒಂದು ಗಂಟೆಯಾದ ಮೇಲೆ ಕೈ ಎತ್ತಿದ್ದಾನೆ, ಏನೋ ಇದೆ ಎಂದು ಹಿಂದೆ ಸರಿಯುತ್ತಿದ್ದರು. ಇವರು ಸರಿಯುತ್ತಿರಲಿಲ್ಲ.

"ನೀರುಗಂಟಿ ತೂಬು ಎತ್ಬುಟ್ಟ ಕಣ್ರಲಾ" ಎಂದು ದಿಲೀಪ್ ಕೂಗುತ್ತಿದ್ದ. ಕೂಗಿಕೊಂಡೇ ಸಮಕ್ಕೆ ಹಾಕುತ್ತಿದ್ದ.

ಹೀಗೆ ತಿಂಗಳಿಗೆ ಎರಡು ಸಾವಿರ, ಕೆಲವು ತಿಂಗಳು ಮೂರು ಸಾವಿರ ಮನೆಗೆ ಬರತೊಡಗಿತು. ಹೆಂಡತಿ ಚಲುವಮ್ಮನಿಗೆ ಅದು ಇಷ್ಟವಿರಲಿಲ್ಲ. ಆದರೆ ಮಗಳು ಸ್ನೇಹ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಹಾಸ್ಟೆಲಿನ ಮೆಸ್ ಬಿಲ್ಲು ತಿಂಗಳು ತಿಂಗಳೂ ಬರುತ್ತಿತ್ತು. ಚಲುವಮ್ಮ ದುಡ್ಡನ್ನು ಎಣಿಸದೆ ಡಬ್ಬಿಗೆ ಹಾಕುತ್ತಿದ್ದಳು. ಮಹದೇವಸ್ವಾಮಿಗೆ ಮಾತ್ರ ನಾಚಿಕೆಯಿರಲಿಲ್ಲ. ಒಂದು ಎಲೆಯನ್ನೂ ಅವನು ಬಚ್ಚಿಟ್ಟಿರಲಿಲ್ಲ, ಒಂದು ಬಿಲ್ಲೆಯನ್ನೂ ಕದ್ದಿರಲಿಲ್ಲ. ಕಾಯಲು ಬರುವವನು ಕಾಯದವರ ಹತ್ತಿರ ಗೆಲ್ಲುತ್ತಾನೆ, ಅದರಲ್ಲಿ ಮೋಸವೇನಿದೆ ಎಂದುಕೊಂಡಿದ್ದ. ಅಲ್ಲಿಯವರೆಗೆ ಅದು ನಿಜವೂ ಆಗಿತ್ತು.

ಎರಡನೆಯ ವರ್ಷದ ಯುಗಾದಿ ಕಳೆದ ಮೇಲೆ ನಂಜಪ್ಪನವರ ಆಟ ಬದಲಾಯಿತು. ಮಿಕ್ಕವರಿಗೆ ಅದು ಗೊತ್ತಾಗಲಿಲ್ಲ, ಏಕೆಂದರೆ ನಂಜಪ್ಪ ಮೊದಲೂ ಎಲ್ಲದಕ್ಕೂ ದುಡ್ಡು ಹಾಕುತ್ತಿದ್ದರು, ಈಗಲೂ ಹಾಕುತ್ತಿದ್ದರು. ಆದರೆ ಎರಡು ವರ್ಷದಿಂದ ಆ ಮುಖವನ್ನೇ ನೋಡುತ್ತ ಕುಳಿತಿದ್ದ ಮಹದೇವಸ್ವಾಮಿಗೆ ಕಂಡಿತು. ಮೊದಲು ನಂಜಪ್ಪ ಎಲೆಯ ತುದಿ ಎತ್ತಿ ಒಂದು ಸಲ ನೋಡಿ ಇಡುತ್ತಿದ್ದರು. ಈಗ ಮೂರು ಸಲ, ನಾಲ್ಕು ಸಲ ನೋಡುತ್ತಿದ್ದರು. ಪ್ರತಿ ಸಲವೂ ಹೊಸದಾಗಿ ನೋಡಿದಂತೆ ನೋಡುತ್ತಿದ್ದರು. ಒಂದು ವಾರ ಕೈಯಲ್ಲಿ ಆಟೀನು ಗುಲಾಮನನ್ನು ಹಿಡಿದು, "ಇವನು ರಾಜ ತಾನೆ?" ಎಂದು ಕೇಳಿದರು.

"ಅಣ್ಣಂಗೆ ಕನ್ನಡಕ ಬದಲಾಯಿಸ್ಬೇಕು" ಎಂದು ದಿಲೀಪ್ ನಕ್ಕ.

ಇನ್ನೊಂದು ವಾರ ಒಂದೇ ಬಾಜಿಗೆ ಎರಡು ಸಲ ಬಿಲ್ಲೆ ಹಾಕಿದರು. ಸಂತೋಷ್ ಹೇಳಿದಾಗ, "ಓ, ಆಕ್ಬುಟ್ಟಿದ್ನಾ" ಎಂದು ನಗಲು ಹೋದರು. ನಗು ಅರ್ಧಕ್ಕೇ ನಿಂತಿತು.

ಆಟ ಮುಗಿದ ಮೇಲೆ ಇಬ್ಬರೂ, ಮಹದೇವಸ್ವಾಮಿ ತನ್ನ ಬೈಕು ತಳ್ಳಿಕೊಂಡು, ಬಸ್‌ಸ್ಟಾಂಡಿಗೆ ನಡೆದು ಬರುವುದು ವಾಡಿಕೆ. ಜೂನ್ ತಿಂಗಳ ಒಂದು ಬುಧವಾರ ಸ್ಟಾಂಡಿನಲ್ಲಿ ನಿಂತಿದ್ದ ಬಸ್ಸುಗಳನ್ನೆಲ್ಲ ನೋಡುತ್ತ ನಂಜಪ್ಪ ಮೆಲ್ಲಗೆ ಕೇಳಿದರು.

"ಸ್ವಾಮಿ, ನಮ್ಮೂರಿಗೆ ಯಾವ್ದ್ಲಾ ಬಸ್ಸು?"

"ಇದೇ ಕಣಣ್ಣ, ಪಾಂಡವಪುರದ್ದು. ಮೂವತ್ತು ವರ್ಷದಿಂದ ಅತ್ತುತಾ ಇದ್ದೀರಿ."

"ಅದ್ ಗೊತ್ತು ಬುಡ್ಲಾ. ಸುಮ್ಕೆ ಕೇಳ್ದೆ."

ಅಂದಿನಿಂದ ಮಹದೇವಸ್ವಾಮಿ ಅವರ ಜೊತೆಯಲ್ಲೇ ಬಸ್ಸು ಹತ್ತಿದ. ಬೈಕನ್ನು ಮನೆಯಲ್ಲೇ ಬಿಟ್ಟು ಬರತೊಡಗಿದ. ಅವರ ಊರಿನ ಗೇಟಿನಲ್ಲಿ ಇಳಿಸಿ, ಮನೆಯ ಬಾಗಿಲು ಕಾಣುವವರೆಗೂ ನಡೆಸಿಕೊಂಡು ಹೋಗಿ ಬಿಟ್ಟು ತನ್ನೂರಿಗೆ ಹೋಗುತ್ತಿದ್ದ. ಅವನು ಮಾಡಿದ್ದರಲ್ಲಿ ಒಳ್ಳೆಯದೂ ಇತ್ತು ಎಂದು ಹೇಳಬೇಕಾದರೆ ಇದನ್ನೇ ಹೇಳಬೇಕು.

ಸ್ನೇಹ ಆ ತಿಂಗಳು ಊರಿಗೆ ಬಂದಿದ್ದಾಗ, ಯಾರೋ ಪರಿಚಯದವರು ಎಂದಷ್ಟೇ ಹೇಳಿ ಅವಳನ್ನು ಕೇಳಿದ. ಅವಳು ಸೊಪ್ಪು ಸೋಸುತ್ತ ಕುಳಿತಿದ್ದವಳು ಕೈ ನಿಲ್ಲಿಸಿದಳು.

"ಅಪ್ಪಾ, ಅದು ವಯಸ್ಸಿನ ಮರೆವಲ್ಲ. ಕಾಯಿಲೆ ಅದು. ಗೊತ್ತಿರೋ ದಾರಿನೇ ಗೊತ್ತಾಗಲ್ಲ ಅಂದ್ರೆ ಶುರುವಾಗಿ ಬಾಳ ದಿನ ಆಗದೆ. ಮನೆಯೋರಿಗೆ ಏಳಿದ್ಯಾ?"

"ಏಳ್ತೀನಿ."

"ಏಳು. ಒಬ್ಬರನ್ನೇ ಎಲ್ಲೂ ಕಳಿಸಬಾರದು. ಮಾತ್ರೆ ಅವೆ, ವಾಸಿ ಆಗಲ್ಲ, ಆದ್ರೆ ವಸಿ ನಿಧಾನ ಆಯ್ತದೆ."

ಹೇಳುತ್ತೇನೆ ಎಂದುಕೊಂಡೇ ಅವನು ಎರಡು ವಾರ ಕಳೆದ. ಅಷ್ಟರಲ್ಲಿ ನಂಜಪ್ಪನವರ ಹೆಂಡತಿ ಚಿಕ್ಕಬೋರಮ್ಮ ತಾನಾಗೇ ಫೋನ್ ಮಾಡಿದಳು. ನಾಲೆಯ ಏರಿಯ ಮೇಲೆ, ಮೂರನೆಯ ತೂಬಿನ ಹತ್ತಿರ ನಿಂತು ಅವನು ಆ ಫೋನು ಎತ್ತಿದ.

"ಸ್ವಾಮಿ, ನಿಮ್ಮಣ್ಣ ಇತ್ಲಾಗೆ ಒಂಥರಾ ಆಡ್ತಾವ್ರೆ ಕಣಪ್ಪ. ನೆನ್ನೆ ಕೊಟ್ಟಿಗೇಲಿ ನಿಂತ್ಕಂಡು ಸ್ನಾನದ ಮನೆ ಎಲ್ಲಿ ಅಂದ್ರು. ಆಟದಲ್ಲಿ ಎಂಗವ್ರೆ? ನೀನು ಜೊತೇಲಿ ಇರ್ತೀಯಲ್ಲ, ಸರಿಯಾಗವ್ರಾ?"

ಮಹದೇವಸ್ವಾಮಿ ನೀರು ನೋಡಿದ. ಇಲ್ಲ ಎಂದರೆ ಮುಂದಿನ ಬುಧವಾರದಿಂದ ನಂಜಪ್ಪ ಬರುವುದಿಲ್ಲ. ಅವರು ಬರದಿದ್ದರೆ ಮೂವರಲ್ಲಿ ಆಟ ನಡೆಯುವುದಿಲ್ಲ. ಮೆಸ್ ಬಿಲ್ಲು ನೆನಪಾಯಿತು. ಇದರ ಜೊತೆಗೆ ಇನ್ನೊಂದೂ ಹೊಳೆಯಿತು. ವಾರವೆಲ್ಲ ಕಳೆಗುಂದಿರುವ ಮನುಷ್ಯ ಎಲೆ ಹಿಡಿದಾಗ ಮಾತ್ರ ನಗುತ್ತಾನೆ, ಅದನ್ನೇಕೆ ಕಿತ್ತುಕೊಳ್ಳಬೇಕು ಎಂದು. ಈ ಎರಡನೆಯ ಕಾರಣವನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ.

"ಸರಿಯಾಗೇ ಅವ್ರೆ ಕಣಕ್ಕ. ನಮ್ಮೆಲ್ಲರಿಗಿಂತ ಚೆನ್ನಾಗಿ ಆಡ್ತಾರೆ."

"ಅಂಗಾ? ಸದ್ಯ. ನಾನೇ ಏನೇನೋ ಯೋಚ್ನೆ ಮಾಡ್ದೆ" ಎಂದು ಅವಳು ಫೋನಿಟ್ಟಳು.

ಆಷಾಢ ಶ್ರಾವಣ ಎರಡೂ ಹೀಗೇ ಕಳೆದವು. ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟಿದ್ದರು. ನಂಜಪ್ಪ ಪ್ರತಿ ಬುಧವಾರ ಐನೂರರ ಜಾಗದಲ್ಲಿ ಸಾವಿರ, ಸಾವಿರದ ಐನೂರು ಕಳೆಯುತ್ತಿದ್ದರು. ಅದರಲ್ಲಿ ಹೆಚ್ಚಿನ ಪಾಲು ಮಹದೇವಸ್ವಾಮಿಗೇ ಬರುತ್ತಿತ್ತು. ಒಳ್ಳೆಯ ಎಲೆ ಬಂದಾಗ ಅವನು ದಿಲೀಪನ ಕಡೆಗೆ, ಸಂತೋಷನ ಕಡೆಗೆ ನೋಡುವುದನ್ನೇ ಬಿಟ್ಟಿದ್ದ. ನಂಜಪ್ಪ ಇನ್ನೂ ಆಟದಲ್ಲಿದ್ದಾರಾ ಎಂದಷ್ಟೇ ನೋಡುತ್ತಿದ್ದ.

ಗೌರಿಹಬ್ಬ ಕಳೆದ ಎರಡನೆಯ ಬುಧವಾರ. ಮೂರು ಗಂಟೆ ಆಗಿತ್ತು. ಮಹದೇವಸ್ವಾಮಿಗೆ ಎರಡು ರಾಜ ಬಂದವು, ಕಳಾವರು ಮತ್ತು ಆಟೀನು. ಅವನು ನೂರು ರೂಪಾಯಿಯ ಬಿಲ್ಲೆ ಹಾಕಿದ. ನಂಜಪ್ಪ ಹಾಕಿದರು. ಸಂತೋಷನೂ ಹಾಕುವವನಿದ್ದ, ಅಷ್ಟರಲ್ಲಿ ಕೆಳಗೆ ಟೆಂಪೋ ಟ್ರಾವೆಲರ್ ಒಂದು ಬಂದು ನಿಂತು ಹನ್ನೆರಡು ಜನ ಇಳಿದರು. ಅಡಿಗೆಯವನು ಕೂಗಿದ. ಸಂತೋಷ್ ಎಲೆ ಬಿಸಾಕಿ ಕಟ್ಟನ್ನು ಮಹದೇವಸ್ವಾಮಿಯ ಮುಂದೆ ನೂಕಿ, "ನೀನೇ ಬಿಚ್ಚಣ್ಣ, ಬಂದೆ" ಎಂದು ಓಡಿದ. ದಿಲೀಪನಿಗೆ ಯಾರದೋ ಆರತಕ್ಷತೆಯ ಫೋನು. ಅವನೂ ಎಲೆ ಬಿಸಾಕಿ ಹೊರಗಿನ ಮೊಗಸಾಲೆಗೆ ಹೋಗಿ ರೇಟು ಮಾತಾಡುತ್ತ ನಿಂತ.

ಮೇಜಿನಲ್ಲಿ ಇವರಿಬ್ಬರೇ ಉಳಿದರು.

ಮೊದಲ ಮೂರು ಎಲೆ ಬಿಚ್ಚಿದ. ರಾಜ, ಒಂಬತ್ತು, ನಾಲ್ಕು. ಅವನ ಕೈಯಲ್ಲಿ ಮೂರು ರಾಜರಾದರು. ಇನ್ನೂರು ಹಾಕಿದ. ನಂಜಪ್ಪ ಹಾಕಿದರು. ನಾಲ್ಕನೆಯ ಎಲೆ ಇನ್ನೊಂದು ಒಂಬತ್ತು. ಮೂರು ರಾಜ, ಎರಡು ಒಂಬತ್ತು. ಇದನ್ನು ಮೀರಿಸುವ ಜೋಡಣೆ ಎರಡು ವರ್ಷದಲ್ಲಿ ಒಂದು ಸಲವೂ ಆ ಮೇಜಿನ ಮೇಲೆ ಬಿದ್ದಿರಲಿಲ್ಲ. ನಾನೂರು ಹಾಕಿದ. ನಂಜಪ್ಪ ಹಾಕಿದರು. ಕೊನೆಯ ಎಲೆ ಎರಡು, ಅದರಿಂದ ಯಾರಿಗೂ ಏನೂ ಆಗುವಂತಿರಲಿಲ್ಲ. ಮಹದೇವಸ್ವಾಮಿ ತನ್ನ ಮುಂದೆ ಉಳಿದಿದ್ದ ಏಳುನೂರನ್ನೂ ನಡುವಿಗೆ ನೂಕಿದ.

ನಂಜಪ್ಪ ಬಿಲ್ಲೆಗಳನ್ನು ನೋಡಿದರು, ಅವನ ಮುಖ ನೋಡಿದರು, "ನೋಡೇಬುಡಾವ" ಎಂದು ತಮ್ಮದೆಲ್ಲವನ್ನೂ ನೂಕಿದರು.

ಮಹದೇವಸ್ವಾಮಿ ತನ್ನ ಎಲೆ ಬಿಚ್ಚಿ ಇಟ್ಟ. ನಂಜಪ್ಪ ತಮ್ಮ ಎರಡು ಎಲೆಯನ್ನೂ ಬಿಚ್ಚಿ ಅದರ ಪಕ್ಕ ಇಟ್ಟರು. ಒಂದು ಡೈಮನ್ ಒಂಬತ್ತು. ಇನ್ನೊಂದು ಇಸ್ಪೀಟು ಒಂಬತ್ತು.

ನೆಲದ ಎರಡು, ಕೈಯ ಎರಡು. ನಾಲ್ಕೂ ಒಂಬತ್ತು ಅವರ ಹತ್ತಿರವೇ ಇದ್ದವು. ಒಂದೇ ಅಂಕಿಯ ನಾಲ್ಕು ಎಲೆ ಮೂರು-ಎರಡರ ಜೋಡಣೆಗಿಂತ ದೊಡ್ಡದು. ಮಹದೇವಸ್ವಾಮಿ ಸೋತಿದ್ದ.

ನಂಜಪ್ಪ ಎಲೆಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಮುಟ್ಟುತ್ತ ಹೋದರು, ಮಗ್ಗಿ ಕಲಿಯುವ ಮಗುವಿನ ಹಾಗೆ. ಎರಡು ಸಲ ಮುಟ್ಟಿದರು. ಆಮೇಲೆ ತಲೆ ಎತ್ತಿದರು. ಅವರ ಕಣ್ಣಿನಲ್ಲಿ ಗೆದ್ದ ಕಳೆಯೂ ಇರಲಿಲ್ಲ, ಸೋತ ಕಳೆಯೂ ಇರಲಿಲ್ಲ.

"ಯಾರ್ದ್ಲಾ ಸ್ವಾಮಿ ಇದು? ನಂದಾ, ನಿಂದಾ?"

ಹೊರಗೆ ದಿಲೀಪ್, "ಡ್ರೋನ್ ಬೇಕಂದ್ರೆ ಎಂಟು ಸಾವ್ರ ಎಚ್ಗೆ ಆಯ್ತದೆ ಸಾರ್" ಎನ್ನುತ್ತಿದ್ದ. ಕೆಳಗಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು.

"ನಂದು ಕಣಣ್ಣ" ಎಂದ ಮಹದೇವಸ್ವಾಮಿ.

"ಅಂಗಾ" ಎಂದರು ನಂಜಪ್ಪ. "ಆಗ್ಲಿ ತಕ."

ಅವನು ಎಲೆಗಳನ್ನೆಲ್ಲ ಬೇಗಬೇಗ ಬಾಚಿ ಕಟ್ಟಿನೊಳಗೆ ಸೇರಿಸಿದ. ದಿಲೀಪ್ ಒಳಗೆ ಬಂದು ಬಿಲ್ಲೆಯ ಗುಡ್ಡೆ ನೋಡಿ ಶಿಳ್ಳೆ ಹಾಕಿದ. "ಏನಿತ್ತಣ್ಣ ನಿಂಗೆ?" ಎಂದು ಕೇಳಿದ. "ಮೂರು ರಾಜ" ಎಂದ ಇವನು. ನಡುವೆ ಬಿದ್ದಿದ್ದು ಎರಡು ಸಾವಿರದ ಎಂಟುನೂರು ರೂಪಾಯಿ. ಅದರಲ್ಲಿ ಅರ್ಧ ಅವನು ಹಾಕಿದ್ದೇ. ಸಾವಿರದ ನಾನೂರಕ್ಕೆ ಆ ಮಾತು ಅವನ ಬಾಯಿಂದ ಹೊರಟಿತ್ತು. ಆಮೇಲೆ ಅವನು ಎಷ್ಟೋ ಸಲ ಯೋಚಿಸಿದ್ದುಂಟು. ಆ ಗಳಿಗೆಯಲ್ಲಿ ದುಡ್ಡು ನೆನಪಿರಲಿಲ್ಲ, ಮೆಸ್ ಬಿಲ್ಲೂ ನೆನಪಿರಲಿಲ್ಲ. ಇಷ್ಟು ಒಳ್ಳೆಯ ಎಲೆ ಕೈಯಲ್ಲಿದ್ದು ಸೋಲುವುದು ಹೇಗೆ ಎಂಬುದೊಂದೇ ಇತ್ತು.

ನಾಲ್ಕು ಗಂಟೆಗೆ ನಂಜಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು.

"ಬರಾಕಿಲ್ವೇನ್ಲಾ?"

ಮಹದೇವಸ್ವಾಮಿಗೆ ಆ ಮನುಷ್ಯನ ಪಕ್ಕದಲ್ಲಿ ಅರ್ಧ ಮೈಲಿ ನಡೆಯುವುದು, ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುವುದು ಆಗದೆನಿಸಿತು. ದುಡ್ಡು ಎದೆಯ ಜೇಬಿನಲ್ಲಿತ್ತು.

"ನೀವು ಓಗಿರಿ ಅಣ್ಣ. ನಂಗೆ ಇಲ್ಲಿ ವಸಿ ಕೆಲಸ ಐತೆ. ಪಾಂಡವಪುರದ ಬೋರ್ಡು ನೋಡಿ ಅತ್ಕಳಿ."

"ಗೊತ್ತು ಬುಡ್ಲಾ" ಎಂದು ನಂಜಪ್ಪ ಮೆಟ್ಟಿಲಿಳಿದರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದು ಮೇಲಿನಿಂದ ಕಾಣುತ್ತಿತ್ತು.

ಮಹದೇವಸ್ವಾಮಿ ಅರ್ಧ ಗಂಟೆ ಬಿಟ್ಟು ಇನ್ನೊಂದು ಬಸ್ಸಿನಲ್ಲಿ ಊರಿಗೆ ಹೋದ. ಮಾರನೆಯ ಬೆಳಿಗ್ಗೆ ಆರೂವರೆಗೆ ಚಿಕ್ಕಬೋರಮ್ಮನ ಫೋನು ಬಂತು.

"ಸ್ವಾಮಿ, ನಿಮ್ಮಣ್ಣ ನಿಮ್ಮನೇಲವ್ರಾ? ರಾತ್ರಿಯಿಂದ ಬಂದೇ ಇಲ್ಲ. ನಿನ್ನ ಫೋನು ಆಫ್ ಅಂತಿತ್ತು. ನಿನ್ ಜೊತೆಗವ್ರೆ ಅಂತ ಅನ್ಕಂಡು ಧೈರ್ಯವಾಗಿದ್ದೆ."

ಕೆ.ಆರ್. ಪೇಟೆಯಲ್ಲಿ ಟೀಚರಾಗಿದ್ದ ಮಗಳು ಅರ್ಪಿತ ಓಡಿ ಬಂದಳು. ಪೊಲೀಸಿಗೆ ಹೇಳಿದ್ದಾಯಿತು, ಫೋಟೋ ಎಲ್ಲರ ಮೊಬೈಲಿಗೆ ಹೋಯಿತು. ಬಸ್ಸಿನ ಕಂಡಕ್ಟರ್ ಸಿಕ್ಕಿದ. ಅವನು ಹೇಳಿದ ಪ್ರಕಾರ ನಂಜಪ್ಪ ಸರಿಯಾದ ಬಸ್ಸನ್ನೇ ಹತ್ತಿದ್ದರು. ಆದರೆ ತಮ್ಮ ಊರಿನ ಗೇಟು ಬರುವ ಮುಂಚೆಯೇ, ನಾಲೆಯ ಸೇತುವೆಯ ಹತ್ತಿರ, ನಿಲ್ಲಿಸು ನಿಲ್ಲಿಸು ಎಂದು ಗಲಾಟೆ ಮಾಡಿ ಇಳಿದುಬಿಟ್ಟಿದ್ದರು.

"ಡ್ಯೂಟಿಗೆ ಟೈಮಾಯ್ತು, ಗಾಡಿಗಳು ಸಾಲು ನಿಂತವೆ ಅಂದ್ರು ಸಾರ್" ಎಂದ ಕಂಡಕ್ಟರ್. "ಏನೋ ಕೆಲಸ ಇರ್ಬೋದು ಅಂತ ಇಳಿಸ್ದೆ."

ಸೇತುವೆಯಿಂದ ಒಂದು ಫರ್ಲಾಂಗು ಕೆಳಗೆ, ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ಅವರ ಎಡಗಾಲಿನ ಚಪ್ಪಲಿ ಸಿಕ್ಕಿತು.

ನಾಲೆ ತುಂಬಿ ಹರಿಯುತ್ತಿತ್ತು. ಅಗ್ನಿಶಾಮಕದವರು ದೋಣಿ ಇಳಿಸಿದರು, ನೀರಿನ ಸೆಳವಿಗೆ ಏನೂ ಮಾಡಲಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂಜಿನಿಯರು ನೀರು ಇಳಿಸಲು ಹೇಳಿದರು. ನಾಲೆಯ ಗೇಟಿನ ಚಕ್ರ ತಿರುಗಿಸುವ ಕೆಲಸ ಮಹದೇವಸ್ವಾಮಿಯದು. ಇಬ್ಬರು ಹಿಡಿದು ತಿರುಗಿಸುವ ಚಕ್ರ ಅದು. ಜೊತೆಗಿದ್ದವನು ಕೈ ಹಾಕಲು ಬಂದಾಗ ಅವನು ಬಿಡಲಿಲ್ಲ, ಒಬ್ಬನೇ ತಿರುಗಿಸಿದ. ಅಂಗೈಯ ಚರ್ಮ ಕಿತ್ತು ಬಂತು. ನೀರು ಗೇಣು ಗೇಣಾಗಿ ಇಳಿದು, ಗೋಡೆಯ ಮೇಲಿನ ಪಾಚಿ ಕಂಡಿತು. ಪಾಚಿಯ ಕೆಳಗೆ ಕಲ್ಲು, ಸಿಕ್ಕಿಕೊಂಡಿದ್ದ ಸೀರೆಯ ಚೂರು, ಪ್ಲಾಸ್ಟಿಕ್ಕು ಕಂಡವು. ಹನ್ನೊಂದು ಗಂಟೆಯ ಹೊತ್ತಿಗೆ ಕೆಳಗಿನ ಸೇತುವೆಯ ಕಂಬದ ಕಡೆಯಿಂದ ಜನ ಕೂಗಿದ್ದು ಕೇಳಿಸಿತು. ಅವನು ಆ ಕಡೆಗೆ ಹೋಗಲಿಲ್ಲ. ಚಕ್ರ ಹಿಡಿದುಕೊಂಡು ನಿಂತೇ ಇದ್ದ. ಎಂಜಿನಿಯರು ಬಂದು, "ಆಯ್ತು, ಇನ್ನು ನೀರು ಬಿಡು" ಎಂದು ಎರಡು ಸಲ ಹೇಳಬೇಕಾಯಿತು.

ಮಣ್ಣು ಮಾಡಿದ ದಿನ ಅವನು ಗುಂಪಿನ ಹಿಂದೆ ನಿಂತಿದ್ದ. ಜನ ಅವನ ಹೆಗಲು ತಟ್ಟಿದರು. ಪ್ರತಿ ವಾರವೂ ಮನೆವರೆಗೆ ಬಿಟ್ಟು ಹೋಗುತ್ತಿದ್ದವನು, ಒಂದು ದಿನ ಬಿಟ್ಟಿದ್ದಕ್ಕೆ ಹೀಗಾಯಿತು, ಅವನ ತಪ್ಪೇನಿದೆ ಎಂದು ಅವನ ಎದುರಿಗೇ ಮಾತಾಡಿದರು. ಅದನ್ನು ಕೇಳಿಕೊಂಡು ನಿಲ್ಲುವುದು ಅವನಿಗೆ ಚಕ್ರ ತಿರುಗಿಸಿದ್ದಕ್ಕಿಂತ ಕಷ್ಟವಾಯಿತು.

ರಾತ್ರಿ ನಿದ್ದೆ ಬರಲಿಲ್ಲ. ಊಟ ಸೇರಲಿಲ್ಲ. ಆರನೆಯ ದಿನ ಚಲುವಮ್ಮನಿಗೆ ಎಲ್ಲವನ್ನೂ ಹೇಳಿದ, ಆ ಎರಡು ಒಂಬತ್ತನ್ನೂ ಹೇಳಿದ. ಚಲುವಮ್ಮ ಡಬ್ಬಿ ತಂದು ಅವನ ಮುಂದೆ ಇಟ್ಟಳು.

"ಇದನ್ನ ಮನೇಲಿ ಮಡಗ್ಬೇಡ. ಓಗಿ ಕೊಟ್ಬುಟ್ಟು ಬಾ. ಮಗಳ ಊಟಕ್ಕೆ ನಾನು ಗಾರ್ಮೆಂಟ್ಸ್‌ಗೆ ಓಗ್ತೀನಿ."

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅವನು ನಂಜಪ್ಪನವರ ಮನೆಗೆ ಹೋದ. ಡಬ್ಬಿಯಲ್ಲಿದ್ದ ಒಂಬತ್ತು ಸಾವಿರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದ. ಚಿಕ್ಕಬೋರಮ್ಮ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಅರ್ಪಿತ ಪಾತ್ರೆ ಎತ್ತಿಡುತ್ತಿದ್ದಳು. ಅವನು ಬಾಗಿಲ ಹತ್ತಿರವೇ ನೆಲದ ಮೇಲೆ ಕುಳಿತ.

"ಒಳಕ್ಕೆ ಬಾ ಸ್ವಾಮಿ, ಅಲ್ಯಾಕೆ ಕುಂತೆ?" ಎಂದಳು ಚಿಕ್ಕಬೋರಮ್ಮ.

"ಇಲ್ಲೇ ಇರ್ತೀನಿ ಅಕ್ಕ. ಒಂದು ಮಾತು ಏಳ್ಬೇಕು."

ಕೊನೆಯ ದಿನದ ಆಟ ಹೇಳಿದ. ಅಣ್ಣ ಗೆದ್ದಿದ್ದರು, ಯಾರದು ಎಂದು ನನ್ನನ್ನೇ ಕೇಳಿದರು, ನನ್ನದು ಎಂದು ಸುಳ್ಳು ಹೇಳಿದೆ ಎಂದ. ಕರವಸ್ತ್ರದ ಗಂಟನ್ನು ಮುಂದಿಟ್ಟ.

ಚಿಕ್ಕಬೋರಮ್ಮ ಗಂಟಿನ ಕಡೆ ನೋಡಲಿಲ್ಲ. "ಆಟದಲ್ಲಿ ಅದೆಲ್ಲ ಇರ್ತದೆ ಬುಡು" ಎಂದಳು. "ಗೆದ್ದಿದ್ರೂ ಅವರು ಅದ್ನ ಇನ್ನೊಂದು ವಾರ ನಿಮಗೇ ಸೋಲೋರು. ಎತ್ಕ ದುಡ್ಡ." ಏನೋ ಕೂಡಿಸುತ್ತಿರುವಂತೆ ಅವಳ ಹುಬ್ಬು ಗಂಟಿಕ್ಕಿತು. "ಯಾರ್ದು ಅಂತ ನಿನ್ನೇ ಕೇಳುದ್ರಾ? ಎಲೆ ಗುರುತು ಸಿಕ್ಕದೆ?"

"ಹೂಂ ಅಕ್ಕ."

"ಅವತ್ತೊಂದೇ ದಿನ ಅಂಗಾಗಿತ್ತಾ?"

ಅವನು ಕರವಸ್ತ್ರದ ಗಂಟನ್ನು ಇನ್ನಷ್ಟು ಮುಂದಕ್ಕೆ ಸರಿಸಿದ.

"ನಾನು ಫೋನ್ ಮಾಡಿ ಕೇಳಿದ್ನಲ್ಲ ಸ್ವಾಮಿ. ಆಷಾಢಕ್ಕೆ ಮುಂಚೆ. ಆವಾಗ ನಿಂಗೆ ಗೊತ್ತಿತ್ತಾ?"

ಅರ್ಪಿತ ಕೈಯಲ್ಲಿದ್ದ ಪಾತ್ರೆ ಹಿಡಿದುಕೊಂಡೇ ನಿಂತಳು. ಇಲ್ಲ ಎನ್ನಲು ಅವನಿಗೆ ಅವಕಾಶವಿತ್ತು. ಇಲ್ಲ ಎಂದಿದ್ದರೆ ಅವರು ನಂಬುತ್ತಿದ್ದರು ಕೂಡ.

"ಗೊತ್ತಿತ್ತು ಕಣಕ್ಕ" ಎಂದ.

ಚಿಕ್ಕಬೋರಮ್ಮ ಬೈಯಲಿಲ್ಲ, ಅಳಲಿಲ್ಲ. ಕಂಬ ಹಿಡಿದು ಎದ್ದು ಒಳಮನೆಗೆ ಹೋದಳು. ಬಾಗಿಲು ಮುಂದಕ್ಕೆ ಎಳೆದುಕೊಂಡ ಸದ್ದಾಯಿತು. ಅರ್ಪಿತ ಬಂದು ಕರವಸ್ತ್ರದ ಗಂಟನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಚಿಕ್ಕೋಳಿದ್ದಾಗ ನಿಮ್ಮ ಬೈಕಲ್ಲಿ ಕೂತ್ಕೊಂಡು ಸ್ಕೂಲಿಗೆ ಹೋಗಿದ್ದೀನಿ ಸ್ವಾಮಣ್ಣ" ಎಂದಳು. "ಮೂರು ತಿಂಗಳು ಮುಂಚೆ ಒಂದು ಮಾತು ಹೇಳಿದ್ರೆ ನಾನು ರಜ ಹಾಕಿ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಅಪ್ಪನ್ನ ಒಬ್ಬರನ್ನೇ ಬಸ್ಸು ಹತ್ತೋಕೆ ಬಿಡ್ತಿರಲಿಲ್ಲ. ನೀವು ಹೊರಡಿ."

ಅವನು ಹೊರಟ.

ಸಂತೋಷ್ ಆಟ ನಿಲ್ಲಿಸಿದ. ದಿಲೀಪ್ ಎರಡು ಸಲ ಫೋನ್ ಮಾಡಿ ಆಮೇಲೆ ಬಿಟ್ಟ. ಒಂಬತ್ತು ಸಾವಿರವನ್ನು ಮಹದೇವಸ್ವಾಮಿ ಗಂಜಾಂನಲ್ಲಿ ಗುಡಿಯ ಹುಂಡಿಗೆ ಹಾಕಲು ಹೋಗಿ, ಹಾಕಲು ಮನಸ್ಸಾಗದೆ ವಾಪಸ್ಸು ತಂದ. ದೇವರಿಗೆ ಕೊಟ್ಟು ಕೈ ತೊಳೆದುಕೊಂಡ ಹಾಗಾಗುತ್ತದೆ ಎನಿಸಿತಂತೆ. ಆ ದುಡ್ಡು ಇವತ್ತಿಗೂ ಅಟ್ಟದ ಮೇಲಿದೆ. ಚಲುವಮ್ಮ ಹೇಳಿದ ಹಾಗೆ ಗಾರ್ಮೆಂಟ್ಸ್‌ಗೆ ಸೇರಿ, ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತುತ್ತಾಳೆ. ಸ್ನೇಹಳಿಗೆ ಅಮ್ಮನಿಂದ ವಿಷಯ ಗೊತ್ತಾಗಿದೆ. ಅವಳು ಊರಿಗೆ ಬಂದಾಗ ಅಪ್ಪನ ಜೊತೆ ಊಟ ತಿಂಡಿಯ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ.

ಬೇರೆ ನಾಲೆಗೆ ಹಾಕಿ ಎಂದು ಅವನು ಅರ್ಜಿ ಕೊಟ್ಟ. ನಾಗಮಂಗಲದ ಕಡೆ ಆದರೂ ಸರಿ ಎಂದು ಬರೆದಿದ್ದ. ದಿನಗೂಲಿಯವನಿಗೆ ವರ್ಗಾವಣೆ ಎಂಬುದಿಲ್ಲ ಎಂದು ಆಫೀಸಿನಲ್ಲಿ ಅದನ್ನು ವಾಪಸ್ಸು ಕೊಟ್ಟರು. ಹಾಗಾಗಿ ಅದೇ ಏಳು ತೂಬು, ಅದೇ ಏರಿ, ಅದೇ ಸೇತುವೆ.

ನಂಜಪ್ಪನವರ ಗದ್ದೆಯನ್ನು ಈಗ ಚಿಕ್ಕಬೋರಮ್ಮ ಮಾಡಿಸುತ್ತಿದ್ದಾಳೆ. ಬಹಳ ದಿನ ನೀರಿನ ವಿಷಯಕ್ಕೆ ಆಳಿನ ಕೈಲೇ ಹೇಳಿಕಳಿಸುತ್ತಿದ್ದಳು. ಬೇಸಿಗೆ ಬೆಳೆಯ ಕಾಲಕ್ಕೆ ಆಳು ಕೆಲಸ ಬಿಟ್ಟ. ಒಂದು ಬೆಳಿಗ್ಗೆ ಅವಳೇ ಏರಿ ಹತ್ತಿ ಬಂದಳು. ಮಹದೇವಸ್ವಾಮಿ ಎದ್ದು ನಿಂತ. ಅವಳು ಅವನ ಮುಖ ನೋಡದೆ ನೀರಿನ ಕಡೆ ತಿರುಗಿಕೊಂಡು ಕೇಳಿದಳು.

"ನಮ್ಮ ಸರದಿ ಯಾವತ್ತು?"

"ಗುರುವಾರ ಅಕ್ಕ. ಬೆಳಗ್ಗೆ ಎಂಟಕ್ಕೆ."

ಅವಳು ಸೆರಗು ಹೊದ್ದುಕೊಂಡು ಬಂದ ದಾರಿಯಲ್ಲೇ ಇಳಿದು ಹೋದಳು.